ಕತ್ತಲ ಗಣಿಗೆ ಇಳಿದ ವಿಜ್ಞಾನಿ: ಮೈಕೆಲ್ ಫ್ಯಾರಡೆ

ಸೆಪ್ಟೆಂಬರ್ 22 ಮೈಕೆಲ್ ಫ್ಯಾರಡೆಯವರ ಜನ್ಮದಿನ. ಶಾಲೆಗಳಲ್ಲಿ ಅಂದು ಅವರ ಹೆಸರು ಕೇಳಿಬಂದರೆ ಅದು ಸಾಮಾನ್ಯವಾಗಿ ವಿದ್ಯುತ್ ಜನಕದ ಸಂಬಂಧದಲ್ಲಿ. ತಂತಿಯ ಸುರುಳಿ, ಅಯಸ್ಕಾಂತ, ಮುಳ್ಳು ಅಲುಗುವ ಗ್ಯಾಲ್ವನೋಮೀಟರ್ ಇವಿಷ್ಟರಲ್ಲಿ ಪಾಠ ಮುಗಿಯುತ್ತದೆ. ಅದೇ ತಿಂಗಳಲ್ಲಿ ಆರು ದಿನ ಕಳೆದು ಬರುವ ಇನ್ನೊಂದು ದಿನಾಂಕವನ್ನು ಯಾವ ಪಠ್ಯಪುಸ್ತಕವೂ ನಮಗೆ ನೆನಪಿಸುವುದಿಲ್ಲ. 1844ರ ಸೆಪ್ಟೆಂಬರ್ 28ರಂದು ಇಂಗ್ಲೆಂಡಿನ ಡರ್ಹಮ್ ಸೀಮೆಯ ಹ್ಯಾಸ್ವೆಲ್ ಎಂಬ ಕಲ್ಲಿದ್ದಲು ಗಣಿಯಲ್ಲಿ ಅನಿಲ ಸ್ಫೋಟಗೊಂಡು 95 ಮಂದಿ ಗಂಡಸರೂ ಹುಡುಗರೂ ಸತ್ತರು. ಆಗಷ್ಟೇ 53 ತುಂಬಿದ್ದ ಫ್ಯಾರಡೆಯವರು ಆ ಗಣಿಯೊಳಕ್ಕೆ ಇಳಿದರು. ಅಲ್ಲಿ ಕಂಡುದನ್ನು ಆಧರಿಸಿ ಅವರು ಕೊಟ್ಟ ಸಲಹೆಯನ್ನು ಗಣಿ ಮಾಲೀಕರು ಒಪ್ಪಲಿಲ್ಲ. ಆ ಸಲಹೆಯ ತಿರುಳು ಜಗತ್ತಿನ ಗಣಿಗಳಲ್ಲಿ ನಿತ್ಯದ ಕೆಲಸವಾಗಿ ಜಾರಿಗೆ ಬರಲು ಸರಿಸುಮಾರು ನೂರು ವರ್ಷ ಬೇಕಾಯಿತು. ಈ ಮಹನೀಯರ ಬದುಕನ್ನು ಆ ಗಣಿಯ ಕಡೆಯಿಂದ ಒಮ್ಮೆ ನೋಡುವುದು ನಮ್ಮ ಈ ಬರಹದ ಉದ್ದೇಶ.

ಫ್ಯಾರಡೆ ಹುಟ್ಟಿದ್ದು 1791ರಲ್ಲಿ, ಈಗ ಲಂಡನ್ನಿನ ದಕ್ಷಿಣ ಭಾಗವಾಗಿರುವ ನ್ಯೂವಿಂಗ್ಟನ್‌ನಲ್ಲಿ. ತಂದೆ ಜೇಮ್ಸ್ ಉತ್ತರ ಇಂಗ್ಲೆಂಡಿನಿಂದ ಹೊಟ್ಟೆಪಾಡಿಗಾಗಿ ಬಂದಿದ್ದ ಕಮ್ಮಾರ. ಮೈಯಲ್ಲಿ ಸ್ವಸ್ಥವಿಲ್ಲದ ಮನುಷ್ಯ. ನಾಲ್ವರು ಮಕ್ಕಳಲ್ಲಿ ಮೈಕೆಲ್ ಮೂರನೆಯವರು. ಧಾನ್ಯದ ಬೆಲೆ ವಿಪರೀತವಾಗಿ ಏರಿದ್ದ ಕಾಲದಲ್ಲಿ ವಾರಕ್ಕೆ ಒಂದು ರೊಟ್ಟಿ ಆ ಬಾಲಕನ ಪಾಲಿಗೆ ಬರುತ್ತಿತ್ತೆಂದು ಅವರ ಜೀವನ ಚರಿತ್ರೆಕಾರರು ದಾಖಲಿಸಿದ್ದಾರೆ. ಓದು, ಬರಹ, ಸ್ವಲ್ಪ ಲೆಕ್ಕ, ಇವಿಷ್ಟೇ ಅವರಿಗೆ ಶಾಲೆಯಲ್ಲಿ ದೊರೆತ ವಿದ್ಯೆ. ಹದಿಮೂರನೆಯ ವಯಸ್ಸಿನಲ್ಲಿ ಜಾರ್ಜ್ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯಲ್ಲಿ ಪತ್ರಿಕೆ ಹಂಚುವ ಹುಡುಗನಾಗಿ ಸೇರಿ, ಮರುವರ್ಷದಿಂದ ಏಳು ವರ್ಷಗಳ ಕಾಲ ಅಲ್ಲಿಯೇ ಪುಸ್ತಕ ಕಟ್ಟುವ ಕಸುಬನ್ನು ಕಲಿತರು.

ಹೊಲಿಗೆ ಹಾಕಲು ಬಂದ ಪುಸ್ತಕಗಳನ್ನು ಅವರು ಓದತೊಡಗಿದರು. ಬ್ರಿಟಾನಿಕಾ ವಿಶ್ವಕೋಶದಲ್ಲಿನ ವಿದ್ಯುತ್ತಿನ ಲೇಖನವೂ ಜೇನ್ ಮಾರ್ಸೆಟ್ ಎಂಬ ಮಹಿಳೆ ಸಾಮಾನ್ಯ ಓದುಗರಿಗಾಗಿ ಬರೆದ ರಸಾಯನಶಾಸ್ತ್ರದ ಪುಸ್ತಕವೂ ಅವರ ದಾರಿಯನ್ನು ನಿರ್ಧರಿಸಿದವು. ಮಾರ್ಸೆಟ್ ಅವರನ್ನು ತಮ್ಮ ಮೊದಲ ಗುರುವೆಂದೇ ಅವರು ಕೊನೆಯವರೆಗೂ ಗೌರವಿಸಿದರು. ಓದಿದ್ದನ್ನು ಹಾಗೆಯೇ ನಂಬದೆ, ಕೈಯಲ್ಲಿದ್ದ ಪುಡಿಗಾಸಿನಿಂದ ಸೀಸೆ ತಂತಿಗಳನ್ನು ಕೊಂಡು ಸ್ವತಃ ಪರೀಕ್ಷಿಸಿ ನೋಡುವ ಅಭ್ಯಾಸ ಅವರಿಗೆ ಆಗಲೇ ಬಂದಿತ್ತು. ಇಡೀ ಬದುಕಿನಲ್ಲಿ ಅವರು ಬಿಡದೆ ಹಿಡಿದ ವ್ರತವೆಂದರೆ ಇದೇ.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೇಟಿನಿಂದ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸರ್ ಹಂಫ್ರಿ ಡೇವಿಯವರ ನಾಲ್ಕು ಉಪನ್ಯಾಸಗಳನ್ನು ಕೇಳುವ ಅವಕಾಶ ಅವರಿಗೆ ದೊರೆಯಿತು. ಕೇಳಿದ್ದನ್ನೆಲ್ಲ ಚಿತ್ರಸಹಿತ ಬರೆದು, ತಾವೇ ಹೊಲಿದು ಕಟ್ಟಿ, ಆ ಸಂಪುಟವನ್ನು ಡೇವಿಯವರಿಗೆ ಕಳುಹಿಸಿ ಕೆಲಸ ಬೇಡಿದರು. 1813ರ ಮಾರ್ಚ್ ತಿಂಗಳಲ್ಲಿ ಪ್ರಯೋಗಾಲಯದ ಸಹಾಯಕನ ಹುದ್ದೆ ಸಿಕ್ಕಿತು. ಅದೇ ವರ್ಷದ ಶರತ್ಕಾಲದಲ್ಲಿ ಡೇವಿ ದಂಪತಿಗಳೊಂದಿಗೆ ಯುರೋಪಿನ ಪ್ರವಾಸಕ್ಕೆ ಹೊರಟರು. ಅರ್ಧ ಸಹಾಯಕನಾಗಿ, ಅರ್ಧ ಸೇವಕನಾಗಿ. ಅಪಮಾನಗಳನ್ನು ನುಂಗಿಕೊಂಡು, ಕಲಿಯಬೇಕಾದುದನ್ನು ಕಲಿತು, 1815ರ ವಸಂತದಲ್ಲಿ ಲಂಡನ್ನಿಗೆ ಮರಳಿದರು.

ಗಣಿಯ ಅನಿಲದೊಂದಿಗೆ ಫ್ಯಾರಡೆಯವರ ನಂಟು ಆರಂಭವಾದದ್ದು ಆ ವರ್ಷವೇ. 1812ರ ಮೇ 25ರಂದು ಉತ್ತರ ಇಂಗ್ಲೆಂಡಿನ ಫೆಲ್ಲಿಂಗ್ ಗಣಿಯಲ್ಲಿ 92 ಜನ ಸ್ಫೋಟಕ್ಕೆ ಬಲಿಯಾಗಿದ್ದರು. ಅಲ್ಲಿನ ಪಾದ್ರಿಗಳೂ ಹಿರಿಯರೂ ಸೇರಿ ಇದಕ್ಕೊಂದು ಪರಿಹಾರ ಹುಡುಕಿಕೊಡಬೇಕೆಂದು ಡೇವಿಯವರನ್ನು ಬೇಡಿಕೊಂಡರು. ಗಣಿಗಾರರು ಫೈರ್‌ಡ್ಯಾಂಪ್ ಎಂದು ಕರೆಯುತ್ತಿದ್ದ ಆ ಅನಿಲ ಬಹುಮಟ್ಟಿಗೆ ಮೀಥೇನ್. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 5ರಿಂದ 15ರೊಳಗೆ ಇದ್ದಾಗ ಒಂದು ಕಿಡಿ ಸಾಕು, ಅದು ಸಿಡಿಯುತ್ತದೆ. ಜ್ವಾಲೆಯ ಸುತ್ತ ಸೂಕ್ಷ್ಮವಾದ ತಂತಿಬಲೆಯನ್ನು ಸುತ್ತಿದರೆ ಲೋಹವು ಶಾಖವನ್ನು ಹೀರಿಕೊಂಡು ಬೆಂಕಿಯನ್ನು ಹೊರಗೆ ದಾಟಗೊಡುವುದಿಲ್ಲ ಎಂಬುದನ್ನು ಡೇವಿ ಕಂಡುಹಿಡಿದರು. ಹೀಗೆ ರೂಪುಗೊಂಡ ರಕ್ಷಾದೀಪದ ಪ್ರಯೋಗಗಳಲ್ಲಿ ಇಪ್ಪತ್ತನಾಲ್ಕರ ಫ್ಯಾರಡೆ ಬಲಗೈಯಾಗಿ ದುಡಿದರು. ಡೇವಿಯವರು ಅದನ್ನು ಬಹಿರಂಗವಾಗಿ ಸ್ಮರಿಸಿದ್ದಾರೆ.

ಆ ದೀಪ ದೊಡ್ಡ ಉಪಕಾರ, ಸಂಶಯವಿಲ್ಲ. ಆದರೆ ಅದರ ನಂತರ ನಡೆದದ್ದನ್ನೂ ನಾವು ತಿಳಿಯಬೇಕು. ದೀಪವಿದೆ ಎಂಬ ಧೈರ್ಯದಿಂದ ಮಾಲೀಕರು ಹಿಂದೆ ಅಪಾಯವೆಂದು ಬಿಟ್ಟಿದ್ದ ಅನಿಲಭರಿತ ಪದರಗಳಿಗೂ ಜನರನ್ನು ಇಳಿಸಿದರು. ಬಲೆ ಹರಿದರೆ, ಗಾಳಿಯ ವೇಗ ಹೆಚ್ಚಿದರೆ, ಬೆಳಕು ಸಾಲದೆಂದು ಯಾರಾದರೂ ಮುಚ್ಚಳ ತೆರೆದರೆ ದೀಪವೇ ಮೃತ್ಯುವಾಗುತ್ತಿತ್ತು. ಸ್ಫೋಟಗಳು ನಿಲ್ಲಲಿಲ್ಲ. ದೀಪವು ಬೆಂಕಿಯನ್ನು ಅನಿಲದಿಂದ ದೂರವಿಟ್ಟಿತೇ ಹೊರತು ಅನಿಲವನ್ನು ಗಣಿಯಿಂದ ಹೊರಗೆ ಹಾಕಲಿಲ್ಲ. ಈ ಎರಡರ ನಡುವಿನ ವ್ಯತ್ಯಾಸ ಸರ್ಕಾರದ ಕಡತಕ್ಕೆ ಬರಲು ಹ್ಯಾಸ್ವೆಲ್‌ನ 95 ಹೆಣಗಳು ಬೇಕಾದವು.

ಈ ನಡುವಿನ ಮೂರು ದಶಕಗಳು ಫ್ಯಾರಡೆಯವರ ಕೀರ್ತಿಯ ಕಾಲ. 1821ರಲ್ಲಿ ಸಾರಾ ಬರ್ನಾರ್ಡ್ ಅವರೊಂದಿಗೆ ವಿವಾಹವಾಯಿತು. ಅದೇ ವರ್ಷ ವಿದ್ಯುತ್ ಹರಿಯುವ ತಂತಿ ಅಯಸ್ಕಾಂತದ ಸುತ್ತ ತಿರುಗುವುದನ್ನು ತೋರಿಸಿದರು. 1825ರಲ್ಲಿ ಬೆಂಜೀನ್ ಅನ್ನು ಬೇರ್ಪಡಿಸಿದರು. 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಗೆ ಸುತ್ತಿದ ಎರಡು ಸುರುಳಿಗಳಿಂದ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡರು. ಇಂದು ಮನೆಮನೆಯಲ್ಲಿ ಉರಿಯುವ ದೀಪದ ಮೂಲ ಆ ಬಳೆಯಲ್ಲಿದೆ. ಎಳೆಯರಿಗಾಗಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಕ್ರಿಸ್‌ಮಸ್ ಉಪನ್ಯಾಸಗಳು ಆರಂಭವಾದದ್ದೂ ಈ ಕಾಲದಲ್ಲೇ. ಫ್ಯಾರಡೆಯವರೊಬ್ಬರೇ ಅಂಥ 19 ಉಪನ್ಯಾಸಮಾಲೆಗಳನ್ನು ನಡೆಸಿಕೊಟ್ಟರು.

ಅಷ್ಟೊಂದು ಪ್ರಸಿದ್ಧವಲ್ಲದ ಇನ್ನೊಂದು ಕೆಲಸವನ್ನೂ ಇಲ್ಲಿ ಹೇಳಬೇಕು. 1836ರಿಂದ ಅವರು ಬ್ರಿಟನ್ನಿನ ದೀಪಸ್ತಂಭಗಳನ್ನು ನೋಡಿಕೊಳ್ಳುವ ಟ್ರಿನಿಟಿ ಹೌಸ್ ಸಂಸ್ಥೆಯ ವೈಜ್ಞಾನಿಕ ಸಲಹೆಗಾರರಾಗಿದ್ದರು. ದೀಪಸ್ತಂಭದ ದೊಡ್ಡ ಎಣ್ಣೆದೀಪ ಉರಿದಾಗ ಹೊರಬರುವ ಹಬೆ ಗಾಜಿನ ಮೇಲೆ ಇಬ್ಬನಿಯಂತೆ ಕುಳಿತು, ಹಡಗುಗಳಿಗೆ ಬೆಳಕು ಮಂಕಾಗಿ ಕಾಣುತ್ತಿತ್ತು. 1840ರ ದಶಕದ ಆರಂಭದಲ್ಲಿ ಫ್ಯಾರಡೆ ಉರಿಯ ಹೊಗೆ ಹಬೆಗಳನ್ನು ಹುಟ್ಟಿದ ಜಾಗದಿಂದಲೇ ಸೆಳೆದು ಹೊರಕ್ಕೆ ಒಯ್ಯುವ ಕೊಳವೆಯೊಂದನ್ನು ರೂಪಿಸಿದರು. ಅದರ ಹಕ್ಕನ್ನು ತಾವು ಇಟ್ಟುಕೊಳ್ಳದೆ ದೀಪ ಜೋಡಿಸುವ ಕಸುಬಿನಲ್ಲಿದ್ದ ಅಣ್ಣ ರಾಬರ್ಟ್‌ಗೆ ಬಿಟ್ಟುಕೊಟ್ಟರು. ಕೋಣೆಯ ಗಾಳಿಯನ್ನೆಲ್ಲ ಬದಲಿಸುವ ಬದಲು ಕೆಡುಕು ಹುಟ್ಟುವ ಸ್ಥಳಕ್ಕೇ ಕೊಳವೆ ಹಚ್ಚಬೇಕು ಎಂಬ ಈ ಆಲೋಚನೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಗಣಿಯಲ್ಲಿ ನಾವು ಇದನ್ನೇ ಮತ್ತೆ ಕಾಣುತ್ತೇವೆ.

1844 ಡರ್ಹಮ್ ಸೀಮೆಯ ಗಣಿಗಾರರಿಗೆ ಕಹಿಯಾದ ವರ್ಷ. ಕೂಲಿ ಮತ್ತು ಕರಾರಿನ ಪ್ರಶ್ನೆಯ ಮೇಲೆ ಏಪ್ರಿಲ್‌ನಲ್ಲಿ ಆರಂಭವಾದ ಮುಷ್ಕರ ತಿಂಗಳುಗಟ್ಟಲೆ ನಡೆಯಿತು. ಗಣಿಯ ಮನೆಗಳಲ್ಲಿದ್ದ ಸಂಸಾರಗಳನ್ನು ಮಾಲೀಕರು ಬೀದಿಗೆ ಹಾಕಿಸಿದರು. ಹಸಿವಿಗೆ ಸೋತು ಜನ ಕೆಲಸಕ್ಕೆ ಮರಳಿದ ಕೆಲವೇ ವಾರಗಳಲ್ಲಿ ಹ್ಯಾಸ್ವೆಲ್ ಸಿಡಿಯಿತು. ಬೆಂಕಿಯಲ್ಲಿ ಸತ್ತವರು ಕೆಲವರೇ. ಸ್ಫೋಟದ ಬಳಿಕ ಉಳಿಯುವ ಆಫ್ಟರ್‌ಡ್ಯಾಂಪ್ ಎಂಬ ವಿಷಗಾಳಿಯಲ್ಲಿ ಉಸಿರುಗಟ್ಟಿ ಸತ್ತವರೇ ಹೆಚ್ಚು. ಮೃತರ ಕುಟುಂಬಗಳ ಪರವಾಗಿ ನಿಂತ ಕಾರ್ಮಿಕ ಸಂಘದ ವಕೀಲ ವಿಲಿಯಂ ರಾಬರ್ಟ್ಸ್ ಸರ್ಕಾರವೇ ತಜ್ಞರನ್ನು ಕಳುಹಿಸಬೇಕೆಂದು ಪ್ರಧಾನಿ ಸರ್ ರಾಬರ್ಟ್ ಪೀಲ್ ಅವರನ್ನು ಒತ್ತಾಯಿಸಿದರು. ಸರ್ಕಾರ ಇಬ್ಬರನ್ನು ಆರಿಸಿತು: ರಸಾಯನಶಾಸ್ತ್ರಕ್ಕೆ ಫ್ಯಾರಡೆ, ಭೂಗರ್ಭಶಾಸ್ತ್ರಕ್ಕೆ ಚಾರ್ಲ್ಸ್ ಲಯೆಲ್.

ಫ್ಯಾರಡೆಯವರ ಆರೋಗ್ಯ ಆಗ ಚೆನ್ನಾಗಿರಲಿಲ್ಲ. ಅತಿಯಾದ ದುಡಿಮೆಯಿಂದ ಕುಸಿದು, 1841ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ತಿಂಗಳುಗಳ ಕಾಲ ವಿಶ್ರಾಂತಿ ಪಡೆದು ಬಂದಿದ್ದರು. ನೆನಪಿನ ಶಕ್ತಿ ಕೈಕೊಡುತ್ತಿತ್ತು. ಆದರೂ ಅಕ್ಟೋಬರ್ ತಿಂಗಳಲ್ಲಿ ಹ್ಯಾಸ್ವೆಲ್ ತಲುಪಿ, ಕೊರೋನರ್ ನಡೆಸುತ್ತಿದ್ದ ಮರಣ ವಿಚಾರಣೆಯಲ್ಲಿ ಕುಳಿತು ಸಾಕ್ಷಿಗಳನ್ನು ತಾವೇ ಪ್ರಶ್ನಿಸಿದರು. ವಕೀಲರನ್ನೂ ಮೀರಿಸುವ ಜಾಣ್ಮೆಯಿಂದ ಅವರು ಪ್ರಶ್ನೆ ಕೇಳುತ್ತಿದ್ದರೆಂದು ಲಯೆಲ್ ಮುಂದೆ ಸ್ಮರಿಸಿದ್ದಾರೆ. ಆಮೇಲೆ ಇಬ್ಬರೂ ಗಣಿಗೆ ಇಳಿದು ಸತ್ತವರು ಬಿದ್ದಿದ್ದ ಜಾಗಗಳನ್ನು ಗಂಟೆಗಟ್ಟಲೆ ನೋಡಿದರು.

ಆಗ ನಡೆದ ಒಂದು ಪ್ರಸಂಗವನ್ನು ಲಯೆಲ್ ಹೇಳಿದ್ದಾರೆ. ಗಣಿಯ ಹಾದಿಗಳಲ್ಲಿ ಗಾಳಿಯ ವೇಗವನ್ನು ಹೇಗೆ ಅಳೆಯುತ್ತೀರೆಂದು ಫ್ಯಾರಡೆ ಕೇಳಿದರು. ಉಸ್ತುವಾರಿಯವನು ನಶ್ಯ ತೆಗೆದಂತೆ ಪೆಟ್ಟಿಗೆಯಿಂದ ಒಂದು ಚಿಟಿಕೆ ಕೋವಿಮದ್ದನ್ನು ತೆಗೆದು ಮೇಣದಬತ್ತಿಯ ಉರಿಯ ಮೇಲೆ ಉದುರಿಸಿದ; ಎದ್ದ ಹೊಗೆ ಗೊತ್ತಾದ ದೂರ ಸಾಗಲು ಹಿಡಿದ ಕಾಲವನ್ನು ಇನ್ನೊಬ್ಬ ಗಡಿಯಾರದಲ್ಲಿ ಲೆಕ್ಕ ಹಾಕಿದ. ಮದ್ದನ್ನು ಎಲ್ಲಿಡುತ್ತೀರೆಂದು ಫ್ಯಾರಡೆ ವಿಚಾರಿಸಿದರು. ಬಾಯಿ ಬಿಗಿದ ಚೀಲದಲ್ಲಿ ಎಂಬ ಉತ್ತರ ಬಂತು. ಚೀಲವೆಲ್ಲಿ ಎಂದರೆ, ತಾವು ಕುಳಿತಿರುವುದೇ ಅದರ ಮೇಲೆ ಎಂದು ಆತ ನಿರಾಳವಾಗಿ ಹೇಳಿದ. ಮೆತ್ತನೆಯ ಆಸನವೆಂದು ದೊಡ್ಡ ಅತಿಥಿಗೆ ಮರ್ಯಾದೆಯಿಂದ ಅದನ್ನೇ ಕೊಟ್ಟಿದ್ದರು! ಫ್ಯಾರಡೆ ಹಾರಿ ಎದ್ದದ್ದನ್ನು ಹೇಳಬೇಕಾಗಿಲ್ಲ. ಆದರೆ ನಮಗೆ ಈ ಪ್ರಸಂಗದಲ್ಲಿ ನಗುವಿಗಿಂತ ದುಃಖವೇ ಹೆಚ್ಚು ಕಾಣುತ್ತದೆ. ನೂರಾರು ಜನರ ಪ್ರಾಣ ಹಿಡಿದ ಕೆಲಸದಲ್ಲಿ ಅಪಾಯವು ಅಷ್ಟು ಅಭ್ಯಾಸವಾಗಿ ಹೋಗಿತ್ತು.

ವಿಚಾರಣೆಯ ಜ್ಯೂರಿ ಆಕಸ್ಮಿಕ ಮರಣವೆಂದು ತೀರ್ಪು ನೀಡಿತು. ಯಾರದೂ ತಪ್ಪಿಲ್ಲವೆಂಬ ಆ ತೀರ್ಪನ್ನು ಫ್ಯಾರಡೆ ಮತ್ತು ಲಯೆಲ್ ಇಬ್ಬರೂ ಒಪ್ಪಿದರು. ಅಂದಿನ ರೂಢಿಯ ಪ್ರಕಾರ ಹ್ಯಾಸ್ವೆಲ್ ಗಾಳಿಯ ವ್ಯವಸ್ಥೆ ಚೆನ್ನಾಗಿದ್ದ ಗಣಿಯೇ. ವಿಧವೆಯರ ಮತ್ತು ಅನಾಥ ಮಕ್ಕಳ ನೆರವಿನ ನಿಧಿಗೆ ಅವರೂ ಹಣ ಕೊಟ್ಟರು. ಆದರೆ ಕಾರ್ಮಿಕರ ಮನಸ್ಸಿಗೆ ಆ ತೀರ್ಪು ಸಮಾಧಾನ ತರಲಿಲ್ಲ. ಮುಷ್ಕರ ಮುರಿದ ಮಾಲೀಕರ ಪರವಾಗಿ ವಿಜ್ಞಾನವೂ ಸಾಕ್ಷಿ ಹೇಳಿತೆಂದು ಅವರಿಗೆ ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಫ್ಯಾರಡೆಯವರನ್ನು ಮೆಚ್ಚುವ ನಾವು ಕೂಡ ಈ ಸಂಗತಿಯನ್ನು ಮರೆಮಾಚಬಾರದು. ಹೊಣೆ ಯಾರದೆಂಬ ಪ್ರಶ್ನೆಯಲ್ಲಿ ಅವರು ಮೃದುವಾದರು. ಮುಂದೇನು ಮಾಡಬೇಕೆಂಬ ಪ್ರಶ್ನೆಯಲ್ಲಿ ಮಾತ್ರ ಮೃದುವಾಗಲಿಲ್ಲ.

ಅದೇ ತಿಂಗಳು ಸಿದ್ಧವಾದ ಅವರ ವರದಿಯ ಮುಖ್ಯ ವಿಷಯ ಗೋಫ್. ಕಲ್ಲಿದ್ದಲನ್ನು ತೆಗೆಯುವಾಗ ಛಾವಣಿಗೆ ಆಧಾರವಾಗಿ ಕಲ್ಲಿದ್ದಲಿನ ಕಂಬಗಳನ್ನೇ ಬಿಡುತ್ತಾರೆ. ಕೊನೆಗೆ ಆ ಕಂಬಗಳನ್ನೂ ಕಡಿದು ತೆಗೆದಾಗ ಛಾವಣಿ ಕುಸಿದು, ಕಲ್ಲುಗಳು ರಾಶಿಯಾಗಿ ಬಿದ್ದು, ಮೇಲೆ ಪೊಳ್ಳಾದ ಗುಮ್ಮಟದಂಥ ಜಾಗವೊಂದು ಉಳಿಯುತ್ತದೆ. ಗಣಿಗಾರರ ಮಾತಿನಲ್ಲಿ ಅದೇ ಗೋಫ್. ಛಾವಣಿ ಬಿರುಕು ಬಿಟ್ಟಂತೆ ಮೇಲಿನ ಪದರಗಳಲ್ಲಿ ಅಡಗಿದ್ದ ಅನಿಲವೂ ಅಲ್ಲಿಗೇ ಇಳಿದು ಬರುತ್ತದೆ. ಮೀಥೇನ್ ಗಾಳಿಗಿಂತ ಹೆಚ್ಚುಕಡಿಮೆ ಅರ್ಧದಷ್ಟೇ ತೂಕದ್ದು. ಆದುದರಿಂದ ಅದು ಗುಮ್ಮಟದ ತಲೆಯಲ್ಲಿ ಸೇರಿಕೊಂಡು ಕೆಳಮುಖವಾಗಿ ತುಂಬುತ್ತ ಬರುತ್ತದೆ. ಬೋರಲು ಹಾಕಿದ ಕೊಡದಲ್ಲಿ ನೀರು ತಲೆಕೆಳಗಾಗಿ ನಿಂತಂತೆ ಇದನ್ನು ಕಲ್ಪಿಸಿಕೊಳ್ಳಬಹುದು. ಕೊಡ ತುಂಬಿದ ಮೇಲೆ ಅಂಚಿನಿಂದ ಅನಿಲ ಹೊರಚೆಲ್ಲಿ ಜನ ದುಡಿಯುವ ಹಾದಿಗೆ ಬರುತ್ತದೆ. ವಾಯುಭಾರಮಾಪಕದ ಪಾದರಸ ಇಳಿದ ದಿನ ಒಳಗಿನ ಅನಿಲ ಹಿಗ್ಗಿ ಇನ್ನೂ ಹೆಚ್ಚು ಚೆಲ್ಲುತ್ತದೆ. ಛಾವಣಿಯ ಒಂದು ದೊಡ್ಡ ತುಂಡು ಒಳಗೆ ಬಿದ್ದರೂ ಸಾಕು, ಒಮ್ಮೆಲೇ ನುಗ್ಗಿ ಬರುತ್ತದೆ. ಹ್ಯಾಸ್ವೆಲ್‌ನ ಸ್ಫೋಟಕ್ಕೆ ಗೋಫಿನ ಅನಿಲವೇ ಮೂಲವೆಂದು ಅವರು ಅಭಿಪ್ರಾಯಪಟ್ಟರು.

ಗಣಿಯ ಗಾಳಿಯ ಹರಿವನ್ನು ಎಷ್ಟು ಹೆಚ್ಚಿಸಿದರೂ ಅದು ಗೋಫಿನ ಅಂಚನ್ನು ಸವರಿಕೊಂಡು ಹೋಗುವುದೇ ಹೊರತು ಗುಮ್ಮಟದೊಳಕ್ಕೆ ಹೋಗುವುದಿಲ್ಲ. ಆದ್ದರಿಂದ ಗೋಫಿನ ಮೇಲ್ಭಾಗಕ್ಕೆ ಕಬ್ಬಿಣದ ಕೊಳವೆಯೊಂದನ್ನು ಒಯ್ದು, ಅದರ ಇನ್ನೊಂದು ತುದಿಯನ್ನು ಬಿಸಿಗಾಳಿ ಮೇಲೇರುವ ಗಣಿಬಾವಿಯ ಸೆಳೆತಕ್ಕೆ ಜೋಡಿಸಬೇಕು ಎಂಬುದು ಅವರ ಸಲಹೆ. ಇಡೀ ಗೋಫನ್ನು ಬರಿದು ಮಾಡಬೇಕಾಗಿಲ್ಲ. ಅಂಚಿನಿಂದ ಅನಿಲ ಚೆಲ್ಲದಷ್ಟು, ಹೊರಗಿನ ಗಾಳಿಯೇ ನಿಧಾನವಾಗಿ ಒಳಸೇರುವಷ್ಟು ಸೆಳೆದರೆ ಸಾಕು. ಅನಿಲವನ್ನು ಹೆದರಿ ಕಾಯುವ ಬದಲು ಅದು ಕೂಡಿಕೊಂಡ ಜಾಗದಿಂದಲೇ ಹೊರತೆಗೆಯಬೇಕೆಂಬ ಮಾತು ಹೀಗೆ ಸರ್ಕಾರಿ ವರದಿಯ ಪುಟಕ್ಕೆ ಬಂತು.

ವರದಿಯಲ್ಲಿ ಇನ್ನೆರಡು ಅಮೂಲ್ಯ ಅಂಶಗಳಿದ್ದವು. ಮೊದಲನೆಯದು ಕಲ್ಲಿದ್ದಲಿನ ಪುಡಿ. ಕಂಬಗಳ ಮತ್ತು ಗೋಡೆಗಳ ಮೇಲೆ ಅರೆಸುಟ್ಟ ಪುಡಿ ಹೊರಪೊರೆಯಂತೆ ಅಂಟಿದ್ದುದನ್ನು ಫ್ಯಾರಡೆ ಗಮನಿಸಿದರು. ಅನಿಲದ ಸ್ಫೋಟ ನೆಲದ ಪುಡಿಯನ್ನು ಎಬ್ಬಿಸಿತು, ಆ ಪುಡಿಯೂ ಹೊತ್ತಿ ಉರಿದು ಸ್ಫೋಟವನ್ನು ದೂರಕ್ಕೆ ಒಯ್ದಿತು ಎಂದು ಅರ್ಥಮಾಡಿಕೊಂಡರು. ಎರಡನೆಯದು ವಿದ್ಯೆ. ಸಾಕ್ಷಿ ಹೇಳಿದ ಗಣಿಗಾರರಲ್ಲಿ ಅನೇಕರಿಗೆ ಹೆಸರು ಬರೆಯಲು ಬಾರದು. ಕಾಗದದ ಮೇಲೆ ಗುರುತು ಹಾಕಿ ಸಹಿ ಮುಗಿಸಿದರು. ಗಣಿಗಾರರಿಗೂ ಅವರ ಮೇಲ್ವಿಚಾರಕರಿಗೂ ಶಿಕ್ಷಣ ಸಿಗದೆ ಸುರಕ್ಷತೆ ಬಾರದೆಂದು ವರದಿ ಸ್ಪಷ್ಟಪಡಿಸಿತು. ಬರೀ ಓದು ಬರಹ ಕಲಿತು ಹೊರಟ ಕಮ್ಮಾರನ ಮಗನಿಗೆ ಆ ಗುರುತುಗಳು ಕಂಡದ್ದು ಸಹಜವೇ. ಪಾಠ ಹೇಳುವುದನ್ನೇ ಬದುಕಾಗಿಸಿಕೊಂಡ ನಮಗೆ ಈ ವರದಿಯಲ್ಲಿ ಕೊಳವೆಯಷ್ಟೇ ಮುಖ್ಯವಾಗಿ ತೋರುವುದು ಈ ಮಾತು.

1845ರ ಜನವರಿಯಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಶುಕ್ರವಾರದ ಸಂಜೆಯ ಉಪನ್ಯಾಸದಲ್ಲಿ ಫ್ಯಾರಡೆ ಹ್ಯಾಸ್ವೆಲ್‌ನ ವಿಷಯವನ್ನೇ ಎತ್ತಿಕೊಂಡು ಗೋಫಿನ ಗಾಳಿಯಾಟವನ್ನು ಸಭಿಕರಿಗೆ ವಿವರಿಸಿದರು. ಅತ್ತ ಉತ್ತರ ಇಂಗ್ಲೆಂಡಿನ ಕಲ್ಲಿದ್ದಲು ಮಾಲೀಕರ ಸಮಿತಿಯು ವರದಿಗೆ ಉತ್ತರ ಬರೆದು, ಕೊಳವೆಯ ಯೋಜನೆ ಕಾರ್ಯಸಾಧ್ಯವಲ್ಲವೆಂದು ತಳ್ಳಿಹಾಕಿತು. ಕುಸಿಯುವ ಛಾವಣಿಯ ಕೆಳಗೆ ಕೊಳವೆ ಎಷ್ಟು ದಿನ ಉಳಿದೀತು ಎಂಬ ಪ್ರಶ್ನೆಯಲ್ಲಿ ತಿರುಳಿಲ್ಲದೆ ಇರಲಿಲ್ಲ. ಅಂದಿನ ಯಂತ್ರಗಳ ಮಿತಿ ನಿಜವಾದದ್ದೇ. ಆದರೆ ತೊಂದರೆಯಿದೆ ಎಂಬ ಕಾರಣಕ್ಕೆ ಪ್ರಯತ್ನವನ್ನೇ ಬಿಟ್ಟದ್ದು ಯಂತ್ರದ ಮಿತಿಯಲ್ಲ, ಮನಸ್ಸಿನದು. ಸರ್ಕಾರ ಒತ್ತಾಯ ಮಾಡಲಿಲ್ಲ. ಗಣಿಗಳಿಗೆ ಸರ್ಕಾರಿ ತಪಾಸಣಾಧಿಕಾರಿಗಳನ್ನು ಕಳುಹಿಸುವ ಕಾಯ್ದೆ ಬಂದದ್ದು 1850ರಲ್ಲಿ. ಕಲ್ಲಿದ್ದಲಿನ ಪುಡಿಯ ಎಚ್ಚರಿಕೆಯಂತೂ ಬಹುಕಾಲ ಮೂಲೆಗೆ ಬಿತ್ತು. 1906ರ ಮಾರ್ಚ್ 10ರಂದು ಫ್ರಾನ್ಸಿನ ಕೂರಿಯೇರ್ ಗಣಿಯಲ್ಲಿ ಪುಡಿಯ ಸ್ಫೋಟಕ್ಕೆ 1,099 ಜನ ಬಲಿಯಾದ ಮೇಲೆ ಲೋಕ ಅದನ್ನು ಮತ್ತೆ ಕಲಿಯಬೇಕಾಯಿತು. ನಮ್ಮ ದೇಶದಲ್ಲಿಯೂ 1965ರ ಮೇ 28ರಂದು ಈಗಿನ ಝಾರ್ಖಂಡದ ಧೋರಿ ಗಣಿಯಲ್ಲಿ ಸ್ಫೋಟ ಸಂಭವಿಸಿ 268 ಜನ ಸತ್ತರು.

ಫ್ಯಾರಡೆಯವರ ಕಾಲಕ್ಕೆ ತಿಳಿಯದಿದ್ದ ಒಂದು ಸಂಗತಿ ಇಂದು ತಿಳಿದಿದೆ. ಅನಿಲ ಕಲ್ಲಿದ್ದಲಿನ ಬಿರುಕುಗಳಲ್ಲಷ್ಟೇ ಇರುವುದಲ್ಲ; ಅದರ ಬಹುಪಾಲು ಕಲ್ಲಿದ್ದಲಿನ ಅತಿ ಸೂಕ್ಷ್ಮ ರಂಧ್ರಗಳ ಒಳಮೈಗೆ ಅಂಟಿಕೊಂಡಿರುತ್ತದೆ. ಮೇಲಿನ ಭೂಭಾರದ ಮತ್ತು ನೀರಿನ ಒತ್ತಡ ಇರುವವರೆಗೆ ಅದು ಅಲ್ಲಿಯೇ ಇರುತ್ತದೆ. ಗಣಿ ತೋಡಿ ಒತ್ತಡ ಇಳಿಸಿದ ಕೂಡಲೇ ಒಳಮೈ ಬಿಟ್ಟು ಬಿರುಕುಗಳಿಗೆ ಬಂದು ಹೊರಕ್ಕೆ ಹರಿಯುತ್ತದೆ. ಆಳವಾದ ಗಣಿಗಳಲ್ಲಿ ಅನಿಲದ ಒತ್ತಡವೂ ಕಲ್ಲಿನ ಒತ್ತಡವೂ ಸೇರಿ ಕಲ್ಲಿದ್ದಲಿನ ಗೋಡೆಯೇ ಪುಡಿಪುಡಿಯಾಗಿ ಸಿಡಿದು ಜನರ ಮೇಲೆ ಬೀಳುವುದುಂಟು. ಮೊದಲೇ ರಂಧ್ರ ಕೊರೆದು ಅನಿಲವನ್ನು ಸೆಳೆದರೆ ಪದರದ ವರ್ತನೆ ಬದಲಾಗುತ್ತದೆ. ಅನಿಲ ಬಿಟ್ಟ ಕಲ್ಲಿದ್ದಲು ತುಸು ಕುಗ್ಗುತ್ತದೆ. ಕುಗ್ಗಿದಾಗ ಬಿರುಕುಗಳು ಅಗಲವಾಗಿ ಉಳಿದ ಅನಿಲಕ್ಕೆ ದಾರಿ ಸುಲಭವಾಗುತ್ತದೆ. ಇತ್ತ ಒಳಗಿನ ಒತ್ತಡ ಇಳಿದುದರಿಂದ ಮೇಲಿನ ಭಾರ ಅದೇ ಬಿರುಕುಗಳನ್ನು ಒತ್ತಿ ಮುಚ್ಚಲು ನೋಡುತ್ತದೆ. ಈ ಎರಡರ ಜಗ್ಗಾಟದಲ್ಲಿ ಯಾವುದು ಗೆಲ್ಲುವುದೆಂಬುದು ಆಯಾ ಪದರದ ಗುಣವನ್ನು ಅವಲಂಬಿಸಿದೆ. ಒಟ್ಟಿನಲ್ಲಿ ಅನಿಲದ ಒತ್ತಡ ಇಳಿದ ಪದರ ಹಠಾತ್ತನೆ ಸಿಡಿಯುವ ಸಂಭವ ಕಡಿಮೆಯಾಗುತ್ತದೆ. ಗಣಿಯ ಗಾಳಿಗೆ ಸೇರುವ ಮೀಥೇನ್ ಸಹ ಕಡಿಮೆಯಾಗುತ್ತದೆ.

1940ರ ದಶಕದಲ್ಲಿ ಜರ್ಮನಿಯ ರೂರ್ ಪ್ರದೇಶದಲ್ಲಿ ರಂಧ್ರ ಕೊರೆದು ಪಂಪಿನಿಂದ ಅನಿಲ ಸೆಳೆಯುವ ಕ್ರಮ ವ್ಯವಸ್ಥಿತವಾಗಿ ಆರಂಭವಾಯಿತು. ಅಲ್ಲಿಂದ ಮುಂದೆ ಅದು ಅನೇಕ ದೇಶಗಳಿಗೆ ಹಬ್ಬಿತು. ಗೋಫಿನಿಂದ ಅನಿಲ ಸೆಳೆಯುವುದೂ ಇಂದು ರೂಢಿಯಲ್ಲಿದೆ. ಆದರೆ ಇದಕ್ಕೂ ಹದವಿದೆ. ಅತಿಯಾಗಿ ಸೆಳೆದರೆ ಹೊರಗಿನ ಗಾಳಿ ಗೋಫಿನೊಳಕ್ಕೆ ನುಗ್ಗಿ, ಅಲ್ಲಿ ಉಳಿದ ಕಲ್ಲಿದ್ದಲು ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು. ಕೊಳವೆಯಲ್ಲಿ ಹೋಗುವ ಮಿಶ್ರಣವೂ ತೆಳುವಾಗಿ ಸಿಡಿಯುವ ಪ್ರಮಾಣಕ್ಕೆ ಇಳಿಯಬಹುದು. ಸಾಕಾಗುವಷ್ಟೇ ಸೆಳೆಯಬೇಕೆಂಬ ಫ್ಯಾರಡೆಯವರ ಹದದ ಮಾತು ಹೀಗೆ ಇಂದಿಗೂ ಸಲ್ಲುತ್ತದೆ. ಭಾರತದ ನಿಯಮಗಳು ಭೂಗತ ಕಲ್ಲಿದ್ದಲು ಪದರಗಳನ್ನು ಅವು ಬಿಡುವ ಅನಿಲದ ಪ್ರಮಾಣಕ್ಕೆ ತಕ್ಕಂತೆ ಮೂರು ದರ್ಜೆಗಳಾಗಿ ವಿಂಗಡಿಸುತ್ತವೆ; ಟನ್ನಿಗೆ 10 ಘನಮೀಟರಿಗಿಂತ ಹೆಚ್ಚು ಅನಿಲ ಬಿಡುವುದು ಮೂರನೆಯ, ಅಂದರೆ ಅತ್ಯಂತ ಅಪಾಯದ ದರ್ಜೆ. ಗಣಿಯ ಯಾವುದೇ ಜಾಗದಲ್ಲಿ ಮೀಥೇನ್ ಶೇಕಡಾ 1.25 ದಾಟಿದರೆ ವಿದ್ಯುತ್ ಕಡಿದು ಜನರನ್ನು ಹೊರಗೆ ಕಳುಹಿಸಬೇಕು. ಜನರನ್ನು ಕೊಂದ ಆ ಅನಿಲವನ್ನೇ ಬಂಗಾಳದ ರಾಣಿಗಂಜ್ ಪ್ರದೇಶದಲ್ಲಿ ಇಂದು ಬಾವಿ ಕೊರೆದು ತೆಗೆದು ಇಂಧನವಾಗಿ ಮಾರುತ್ತಿದ್ದಾರೆ.

ಹ್ಯಾಸ್ವೆಲ್‌ನ ನಂತರವೂ ಫ್ಯಾರಡೆಯವರ ಕೆಲಸ ನಿಲ್ಲಲಿಲ್ಲ. 1845ರಲ್ಲಿಯೇ ಅಯಸ್ಕಾಂತವು ಬೆಳಕಿನ ಧ್ರುವೀಕರಣದ ತಲವನ್ನು ತಿರುಗಿಸುವುದನ್ನು ಕಂಡುಹಿಡಿದರು. 1855ರ ಬೇಸಗೆಯಲ್ಲಿ ದೋಣಿಯಲ್ಲಿ ಹೋಗುತ್ತ ಥೇಮ್ಸ್ ನದಿಯ ಕೊಳಕನ್ನು ಕಂಡು, ಬಿಳಿಯ ಕಾಗದದ ಚೂರುಗಳನ್ನು ನೀರಿಗೆ ಹಾಕಿ ಅವು ಎಷ್ಟು ಬೇಗ ಕಾಣದಾಗುತ್ತವೆಂದು ಪರೀಕ್ಷಿಸಿ ಪತ್ರಿಕೆಗೆ ಬರೆದರು. 1862ರಲ್ಲಿ ಸರ್ಕಾರದ ಶಿಕ್ಷಣ ಆಯೋಗದ ಮುಂದೆ ನಿಂತು ಶಾಲೆಗಳಲ್ಲಿ ವಿಜ್ಞಾನ ಕಲಿಸಲೇಬೇಕೆಂದು ವಾದಿಸಿದರು. ಒಂದು ಮೇಣದಬತ್ತಿಯನ್ನು ಮುಂದಿಟ್ಟುಕೊಂಡು ಮಕ್ಕಳಿಗೆ ರಸಾಯನಶಾಸ್ತ್ರವನ್ನೇ ಬಿಡಿಸಿ ಹೇಳಿದ ಅವರ ಉಪನ್ಯಾಸಗಳು 1861ರಲ್ಲಿ ಪುಸ್ತಕವಾಗಿ ಬಂದವು. ಆ ಜ್ವಾಲೆಯ ಪಾಠ ಹೇಳುವಾಗ, ಗಣಿಯ ಕತ್ತಲಲ್ಲಿ ಬತ್ತಿ ಹಿಡಿದು ನಿಂತ ಜನರ ಮುಖಗಳು ಅವರ ಮನಸ್ಸಿಗೆ ಬಂದಿರಲಾರವೆಂದು ನಾವು ಹೇಗೆ ನಂಬೋಣ?

ಸರ್ ಪದವಿಯನ್ನು ಅವರು ಒಲ್ಲೆನೆಂದರು. ರಾಯಲ್ ಸೊಸೈಟಿಯ ಅಧ್ಯಕ್ಷತೆ ಎರಡು ಬಾರಿ ಬಂದಾಗಲೂ ಒಪ್ಪಲಿಲ್ಲ. 1858ರಲ್ಲಿ ವಿಕ್ಟೋರಿಯಾ ರಾಣಿ ಹ್ಯಾಂಪ್ಟನ್ ಕೋರ್ಟ್‌ನಲ್ಲಿ ವಾಸಕ್ಕೆ ಒಂದು ಮನೆ ಬಿಟ್ಟುಕೊಟ್ಟರು. ನೆನಪು ಪೂರಾ ಮಾಸುತ್ತ ಬಂದ ಕೊನೆಯ ದಿನಗಳನ್ನು ಅಲ್ಲಿ ಸಾರಾ ಅವರ ಆರೈಕೆಯಲ್ಲಿ ಕಳೆದು, 1867ರ ಆಗಸ್ಟ್ 25ರಂದು ತಮ್ಮ ಕುರ್ಚಿಯಲ್ಲಿ ಕುಳಿತಂತೆಯೇ ತೀರಿಕೊಂಡರು. ದೊಡ್ಡವರನ್ನು ಹೂಳುವ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಜಾಗ ಬೇಡವೆಂದಿದ್ದ ಅವರ ಸಮಾಧಿ ಹೈಗೇಟ್‌ನ ಸ್ಮಶಾನದಲ್ಲಿ ಆಡಂಬರವಿಲ್ಲದೆ ಇದೆ.

ಫ್ಯಾರಡೆಯವರ ಬಳೆಯಿಂದ ಲೋಕಕ್ಕೆ ವಿದ್ಯುತ್ ಬಂತು. ಆ ವಿದ್ಯುತ್ತಿನ ಬಹುಪಾಲನ್ನು ನಮ್ಮ ದೇಶ ಇಂದಿಗೂ ಕಲ್ಲಿದ್ದಲು ಸುಟ್ಟೇ ಪಡೆಯುತ್ತಿದೆ. ಸ್ವಿಚ್ ಒತ್ತಿ ಬೆಳಕು ಮಾಡುವ ನಮಗೂ ನೆಲದಡಿ ದುಡಿಯುವ ಆ ಜನರಿಗೂ ಹೀಗೊಂದು ಋಣದ ಸಂಬಂಧವಿದೆ. ನಮ್ಮ ಕನ್ನಡ ಮಾಧ್ಯಮದ ತರಗತಿಗಳಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ಬಂದಾಗ ಶಿಕ್ಷಕ ಮಿತ್ರರು ಹ್ಯಾಸ್ವೆಲ್‌ನ ಕಥೆಗೂ ಹತ್ತು ನಿಮಿಷ ಕೊಡಬೇಕೆಂದು ನಾವು ಕೋರುತ್ತೇವೆ. ಸರಿಯಾದ ಸಲಹೆ ಕೊಡಲು ಜ್ಞಾನ ಸಾಕು. ಅದನ್ನು ಜಾರಿಗೆ ತರಿಸಲು ಓದುಬಲ್ಲ, ಕೇಳಬಲ್ಲ, ಕಾಗದದ ಮೇಲೆ ಗುರುತಿನ ಬದಲು ಹೆಸರು ಬರೆಯಬಲ್ಲ ಜನ ಬೇಕು. ಅಂಥವರನ್ನು ಸಿದ್ಧಮಾಡುವ ಕೆಲಸ ಶಾಲೆಯದು.